ಪುಟ್ಟಿ, ಫ್ಲೈಓವರ್ ಹತ್ತಬೇಡಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಭಾನುವಾರ ರಾತ್ರಿ ಅಂಗಡಿ ಮುಚ್ಚಿ 10 ಗಂಟೆಗೆ ಹುಬ್ಬಳ್ಳಿ ಬಿಡುವುದು, ಬೆಳಗಾಗುವುದರೊಳಗೆ ಬೆಂಗಳೂರು, ಸ್ನಾನಕ್ಕೆ ಮೆಜೆಸ್ಟಿಕ್‌ನಲ್ಲಿ ಒಂದು ರೂಮ್, ಸೋಮವಾರ ಮಕ್ಕಳಿಗೆ ಊರು ತೋರಿಸಿ ಅವತ್ತೇ ರಾತ್ರಿ ವಾಪಸ್. "ಇವರೊಬ್ಬರೇ ಓಡಿಸುತ್ತಾರೆ, ನನಗೆ ಯಾಕೋ ಭಯ, ಪರವಾಗಿಲ್ವಾ ದೊಡ್ಡಪ್ಪ?" ಅಂತ ಕೇಳಿದ್ದೀಯ. ಟೈಪ್ ಮಾಡೋಕೆ ಕಣ್ಣು ಸರಿಯಾಗಿ ಕಾಣಲ್ಲ, ಮಾತಲ್ಲೇ ಹೇಳುತ್ತೇನೆ. ಉದ್ದ ಆದರೆ ಆಗಲಿ, ಗ್ರೂಪಿನಲ್ಲಿ ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ.

ಪರವಾಗಿದೆ ಕಣವ್ವ. ಭಯಪಡಬೇಕಾದದ್ದೇ.

ಆ ಓಮ್ನಿ ವಿಷಯ ಎಲ್ಲರಿಗೂ ಗೊತ್ತೇ ಇದೆ. ಆದರೂ ಹೇಳುತ್ತೇನೆ, ಅಳಿಯಂದಿರು ಕೇಳಿಲ್ಲ. 1999ರ ಆಗಸ್ಟ್. ಲಾಲ್‌ಬಾಗಿನ ಸ್ವಾತಂತ್ರ್ಯ ದಿನದ ಹೂವಿನ ಪ್ರದರ್ಶನ ತೋರಿಸಬೇಕು ಅಂತ ನಿಮ್ಮಪ್ಪನ ಸಂಸಾರವನ್ನೆಲ್ಲ ಕೂರಿಸಿಕೊಂಡು ಹೊರಟೆ. ನೀನೂ ಇದ್ದೆ, ಹಿಂದೆ ದೊಡ್ಡವ್ವನ ತೊಡೆ ಮೇಲೆ ಮಲಗಿದ್ದೆ. ಹಿಂದಿನ ರಾತ್ರಿ ನಾನು ಪೀಣ್ಯದಲ್ಲಿ ಶಿಫ್ಟ್ ಮುಗಿಸಿ, ಅದೇ ಗಾಡಿ ಓಡಿಸಿಕೊಂಡು ಹುಬ್ಬಳ್ಳಿಗೆ ಬಂದಿದ್ದೆ. ಹಗಲಲ್ಲಿ ಮಲಗೋಣ ಅಂದರೆ ಹುಬ್ಬಳ್ಳಿ ಮನೆಯಲ್ಲಿ ಮಲಗಲು ಬಿಟ್ಟವರು ಯಾರು? ಹೊರಡುವ ಮುಂಚೆ ರೊಟ್ಟಿ, ಎಣ್ಣೆಗಾಯಿ, ಅದರ ಮೇಲೆ ಒಂದು ದೊಡ್ಡ ಬಟ್ಟಲು ಮೊಸರನ್ನ.

ಹಿರಿಯೂರಿಗೆ ಬಂದಾಗ ಮೂರೂವರೆ. ನಿಮ್ಮಪ್ಪ "ಅಣ್ಣ, ಚಹಾ ಕುಡಿಯೋಣ" ಅಂದ. "ಇನ್ನೇನು ಶಿರಾ ಬಂತು, ಅಲ್ಲೇ ಕುಡಿದರಾಯಿತು" ಅಂದೆ. ಹಿರಿಯೂರಿನಿಂದ ಶಿರಾ ಸುಮಾರು 40 ಕಿಲೋಮೀಟರ್. ಅದರಲ್ಲಿ ಎಷ್ಟು ದೂರ ಓಡಿಸಿದೆ, ಯಾವ ಊರು ದಾಟಿದೆ, ಇವತ್ತಿಗೂ ನೆನಪಿಲ್ಲ. ನಿದ್ದೆ ಬಂದರೆ ತಲೆ ವಾಲುತ್ತೆ, ಆಗ ಗೊತ್ತಾಗುತ್ತೆ ಅಂದುಕೊಂಡಿದ್ದೀರಿ ಅಲ್ವಾ? ಹಾಗಲ್ಲ. ಕಣ್ಣು ತೆರೆದೇ ಇತ್ತು. ಕೈ ಸ್ಟೇರಿಂಗ್ ಮೇಲೇ ಇತ್ತು. ಆಳು ಮಾತ್ರ ಇರಲಿಲ್ಲ.

ನನ್ನನ್ನು ಎಬ್ಬಿಸಿದ್ದು ಸೊಪ್ಪು. ಲಾರಿ ಕೆಟ್ಟು ನಿಂತರೆ ಸ್ವಲ್ಪ ಹಿಂದೆ ಮರದ ಕೊಂಬೆ ಮುರಿದು ರಸ್ತೆ ಮೇಲೆ ಹಾಕುತ್ತಾರಲ್ಲ, ಅದರ ಮೇಲೆ ಗಾಡಿ ಹತ್ತಿ ಚರಚರ ಅಂತು. ನೋಡುತ್ತೇನೆ, ಮುಂದೆ ಕಪ್ಪು ಗೋಡೆ. ಗೋಡೆಯಲ್ಲ, ಲಾರಿ. ಹಿಂದಿನ ದೀಪ ಇಲ್ಲ. ಎಡಕ್ಕೆ ಎಳೆದೆ. ಓಮ್ನಿ ಹೊಲಕ್ಕೆ ಇಳಿದು ಬದುವಿಗೆ ಗುದ್ದಿ ನಿಂತಿತು. ಮುಂದಿನ ಸೀಟಿಗೆ ಬಡಿದು ದೊಡ್ಡವ್ವನ ಹಣೆಗೆ ಮೂರು ಹೊಲಿಗೆ. ನಾಲ್ಕು ಅಂತೆ, ಅಡುಗೆಮನೆಯಿಂದ ಹೇಳುತ್ತಿದ್ದಾಳೆ. ಕುಂಕುಮ ಸ್ವಲ್ಪ ಪಕ್ಕಕ್ಕೆ ಇಡುತ್ತಾಳಲ್ಲ, ಅದಕ್ಕೇ. ನೀನು ಸೀಟಿನ ಕೆಳಗೆ ಉರುಳಿ ಅಲ್ಲೇ ನಿದ್ದೆ ಮುಂದುವರಿಸಿದ್ದೆ.

ಅದಕ್ಕೆ ಹೇಳುತ್ತೇನೆ. ರಾತ್ರಿ ಮೂರರಿಂದ ಐದು, ಆ ಹೊತ್ತಲ್ಲಿ ಸ್ಟೇರಿಂಗ್ ಹಿಡಿಯಬೇಡಿ.

"ಈಗ ರಸ್ತೆ ಚೆನ್ನಾಗಿದೆ ಮಾವ" ಅನ್ನುತ್ತಾರೆ ಅಳಿಯಂದಿರು, ಗೊತ್ತು. ಆಗ ಎದುರಿನ ಲಾರಿ ಲೈಟಿಗಾದರೂ ಎಚ್ಚರ ಆಗುತ್ತಿತ್ತು. ಈಗ ನಡುವೆ ಡಿವೈಡರ್, ನೆಟ್ಟಗೆ ರಸ್ತೆ, ಒಳಗೆ ಎಸಿ. ತೊಟ್ಟಿಲು ತೂಗಿದ ಹಾಗೆ. ಚಹಾ ಕುಡಿದರೂ ಅದು ಕೆಲಸ ಶುರು ಮಾಡೋಕೆ 20-30 ನಿಮಿಷ ಬೇಕು. ಅಷ್ಟರಲ್ಲಿ ಗಾಡಿ ಎಲ್ಲಿರುತ್ತೆ? ಕಿಟಕಿ ಇಳಿಸುವುದು, ಜೋರಾಗಿ ಹಾಡು, ಮುಖಕ್ಕೆ ನೀರು, ಎಲ್ಲ ನಾನೂ ಮಾಡಿದ್ದೆ. ಆ ಹೊತ್ತಿಗೆ ಮೈಯೇ ನಿದ್ದೆ ಕೇಳುತ್ತೆ. ನಮ್ಮ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವರು ಆ ಹೊತ್ತಲ್ಲಿ ಲೇತ್ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರುತ್ತಲೇ ಇರಲಿಲ್ಲ.

ಅದೂ ಭಾನುವಾರ ಪೂರ್ತಿ ಗಲ್ಲಾದಲ್ಲಿ ಕೂತು, ರಾತ್ರಿ 400 ಚಿಲ್ಲರೆ ಕಿಲೋಮೀಟರ್, ಹಗಲೆಲ್ಲ ಬಿಸಿಲಲ್ಲಿ ಸುತ್ತಾಟ, ಮತ್ತೆ ರಾತ್ರಿ 400. ಒಬ್ಬನೇ ಮನುಷ್ಯ. ವಾಪಸ್ ಹೋಗುವಾಗ... ಬಿಡು, ಬಾಯಲ್ಲಿ ಆಡುವುದು ಬೇಡ. ಎರಡನೇ ಸಲ ಹೇಳುತ್ತಿದ್ದೇನೆ, ಮೂರರಿಂದ ಐದು ಬೇಡ.

ಇನ್ನೊಂದು. ಆ ಮೆಜೆಸ್ಟಿಕ್ ರೂಮ್. ಅದನ್ನು ಓದಿ ದೊಡ್ಡವ್ವ ಫೋನ್ ಟೇಬಲ್ ಮೇಲಿಟ್ಟು ಒಳಗೆ ಹೋದಳು. ಮಾತೇ ಇಲ್ಲ. ಮೊದಲು ಹುಬ್ಬಳ್ಳಿ ಬಸ್ಸುಗಳು ನಮ್ಮ ಮನೆ ಇರುವ ದಾಸರಹಳ್ಳಿಯಲ್ಲೇ ಇಳಿಸುತ್ತಿದ್ದವು. ಬೆಳಗಿನ ಜಾವ ಬಾಗಿಲು ಬಡಿದರೆ ಯಾರೋ ನಮ್ಮವರೇ. ಕೈಯಲ್ಲಿ ಕಟಕ್ ರೊಟ್ಟಿ ಗಂಟು, ಶೇಂಗಾ ಹಿಂಡಿ ಡಬ್ಬಿ. ಯಾರಿಗೋ ಇಂಟರ್‌ವ್ಯೂ, ಯಾರಿಗೋ ಆಸ್ಪತ್ರೆ, ಯಾರಿಗೋ ಸುಮ್ನೆ ವಿಧಾನಸೌಧ ನೋಡಬೇಕು. 2010ರಲ್ಲಿ ಪೀಣ್ಯ ಫ್ಲೈಓವರ್ ಬಂತು ನೋಡು, ಅವತ್ತಿನಿಂದ ಎಲ್ಲರೂ ನಮ್ಮ ತಲೆ ಮೇಲಿಂದಲೇ ಹೋಗುತ್ತೀರಿ. ಸುಮ್ನೆ ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ತಲೆ ಮೇಲೆ. ಹೋದ ವರ್ಷ ಒಬ್ಬರು ವಿಧಾನಸೌಧದ ಮುಂದೆ ನಿಂತ ಫೋಟೋ ಇದೇ ಗ್ರೂಪಿಗೆ ಹಾಕಿದರು. ಅವರು ಬೆಂಗಳೂರಿಗೆ ಬಂದದ್ದೇ ನಮಗೆ ಆ ಫೋಟೋದಿಂದ ಗೊತ್ತಾದದ್ದು. ನಾನೂ ಹೆಬ್ಬೆರಳು ಒತ್ತಿದೆ. ಹೆಸರು ಹೇಳಲ್ಲ, ಅವರೂ ಕೇಳುತ್ತಿದ್ದಾರೆ. ಮಹಡಿ ಮೇಲಿನ ಕೋಣೆ ಖಾಲಿಯೇ ಇದೆ. ನಿಮ್ಮ ದೊಡ್ಡವ್ವ ಇವತ್ತಿಗೂ ತಿಂಗಳಿಗೊಮ್ಮೆ ನಾಲ್ಕು ಹಾಸಿಗೆ ಬಿಸಿಲಿಗೆ ಹಾಕುತ್ತಾಳೆ. ಯಾರಿಗೆ ಅಂತ ನಾನು ಕೇಳುವುದಿಲ್ಲ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ! ಸಣ್ಣವನಿಗೆ ತಾರಾಲಯ ತೋರಿಸಬೇಕು ಅಂತ ತಾನೇ ಇಷ್ಟೆಲ್ಲ? ನೆಹರೂ ತಾರಾಲಯಕ್ಕೆ ಸೋಮವಾರ ರಜೆ. ರಾತ್ರಿಯೆಲ್ಲ ಓಡಿಸಿಕೊಂಡು ಬಂದು ಗೇಟ್ ನೋಡಿಕೊಂಡು ಹೋಗುತ್ತೀರಾ?

ಹೀಗೆ ಮಾಡಿ. ಶಾಲೆಗೆ ಹೇಗೂ ದಸರಾ ರಜೆ. ಭಾನುವಾರ ಒಂದು ದಿನ ಅಂಗಡಿ ಮುಚ್ಚಲಿ. ರಾತ್ರಿ ಚೆನ್ನಾಗಿ ಮಲಗಿ, ಬೆಳಿಗ್ಗೆ 5ಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆ. ಗಾಡಿ ಬಾಗಿಲ ಮುಂದೆ ಇರಲಿ. ದಾಸರಹಳ್ಳಿಯಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿದರೆ ವಿಧಾನಸೌಧದ ಹತ್ತಿರವೇ ಇಳಿಸುತ್ತೆ. ತಾರಾಲಯವೂ ಅಲ್ಲೇ ಹತ್ತಿರ. ಸಂಜೆಯ ಪ್ರದರ್ಶನ ಎಷ್ಟಕ್ಕೆ ಅಂತ ನಾನು ವಿಚಾರಿಸಿಡುತ್ತೇನೆ. ಭಾನುವಾರ ಕತ್ತಲಾದ ಮೇಲೆ ವಿಧಾನಸೌಧಕ್ಕೆ ದೀಪ ಹಾಕುತ್ತಾರೆ, ಅದನ್ನೂ ನೋಡಿದ ಹಾಗಾಯಿತು. ಸೋಮವಾರ ಬೆಳಿಗ್ಗೆ ಆರಕ್ಕೇ ಲಾಲ್‌ಬಾಗ್, ಅದಕ್ಕೆ ಮೆಟ್ರೋ ಬದಲಿಸುವ ಗೊಡವೆಯೂ ಇಲ್ಲ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಮಕ್ಕಳು ಹತ್ತಿ ಕುಣಿಯಲಿ. ಆಮೇಲೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಬನ್ನೇರುಘಟ್ಟ ಈ ಸಲ ಬೇಡ, ಮಂಗಳವಾರ ಅದಕ್ಕೂ ರಜೆ. ಮಂಗಳವಾರ ಬೆಳಕು ಹರಿದ ಮೇಲೆ ವಾಪಸ್, ದಾರಿಯಲ್ಲಿ ಚಿತ್ರದುರ್ಗದ ಕೋಟೆ, ಓಬವ್ವನ ಕಿಂಡಿ. ಅಂಗಡಿ ಮುಚ್ಚೋಕೆ ಆಗಲ್ಲ ಅಂದರೆ ಕಾರು ಬಿಟ್ಟು ರಾಣಿ ಚನ್ನಮ್ಮ ರೈಲಿಗೆ ಬನ್ನಿ. ಅಳಿಯಂದಿರೂ ಮಲಗಿಕೊಂಡು ಬರುತ್ತಾರೆ.

ಕಾರಲ್ಲಿ ಬಂದರೆ, ನೆಲಮಂಗಲ ದಾಟಿ ನಾಗಸಂದ್ರದ ಹತ್ತಿರ ಫ್ಲೈಓವರ್ ಎದುರಾಗುತ್ತೆ. ಮ್ಯಾಪು ಮೇಲೆ ಹೋಗಿ ಅನ್ನುತ್ತೆ. ಹತ್ತಬೇಡಿ. ಎಡಕ್ಕೆ ಸರ್ವಿಸ್ ರಸ್ತೆ ಹಿಡಿಯಿರಿ, ದಾಸರಹಳ್ಳಿ ಮೆಟ್ರೋ ಕೆಳಗೆ ನಾನೇ ನಿಂತಿರುತ್ತೇನೆ. ಶೇಂಗಾ ಹಿಂಡಿ ತರಬೇಕಂತೆ, ಒಳಗಿನಿಂದ ಹೇಳುತ್ತಿದ್ದಾಳೆ. ಖಾರ ಸ್ವಲ್ಪ ಕಡಿಮೆ ಇರಲಿ.