ಕೊಟ್ಟಿಗೆಯಲ್ಲಿರೋ ಅಂಬಾಸಿಡರ್ ಯಾವ ಇಸವಿಯದ್ದು?

ತೋಟದಮನೆ:
ತೀರ್ಥಹಳ್ಳಿ ಹತ್ತಿರ ನಮ್ಮಜ್ಜನ ಮನೆಯಲ್ಲಿ ಒಂದು ಬಿಳಿ ಅಂಬಾಸಿಡರ್ ಇದೆ. ಹದಿನೈದು ವರ್ಷದಿಂದ ಕೊಟ್ಟಿಗೆಯಲ್ಲೇ ನಿಂತಿದೆ, ಮೇಲೆ ಅಡಿಕೆ ಹಾಳೆ ಹೊರೆ, ಒಳಗೆ ಇಲಿ ಸಂಸಾರ. ಮಾವ 1965ರದ್ದು ಅಂತಾರೆ, ಅಪ್ಪ ಎಂಬತ್ತರ ಈಚೆಯದ್ದು ಅಂತಾರೆ. ಆರ್‌ಸಿ ಪುಸ್ತಕ ನೋಡೋಣ ಅಂದ್ರೆ ಇಸವಿ ಇದ್ದ ಮೂಲೆಯನ್ನೇ ಗೆದ್ದಲು ತಿಂದಿದೆ. ಮುಂದಿನ ಜಾಲರಿ ಚೌಕ ಚೌಕ, ಗೇರು ಸ್ಟೇರಿಂಗ್ ಪಕ್ಕ, ಡೀಸೆಲ್ ಗಾಡಿ. ನಂಬರ್ ಪ್ಲೇಟಲ್ಲಿ ಕೆಎ ಇಲ್ಲ. ಎಲ್ಲ ಅಂಬಾಸಿಡರೂ ನೋಡೋಕೆ ಒಂದೇ ಥರ ಅಲ್ವಾ, ಹೇಗೆ ಕಂಡುಹಿಡಿಯೋದು?

ಹಳೇಸ್ಪ್ಯಾನರ್:
ಜಾಲರಿ ನಂಬಬೇಡಿ ಮಾರಾಯ್ರೆ. ಚೌಕದ ಜಾಲರಿ ಬಂದಿದ್ದು 1962ರ ಸುಮಾರಿಗೆ, ಮಾರ್ಕ್ 2 ಅಂದ್ರೆ ಅಂಬಾಸಿಡರಿನ ಎರಡನೇ ಮಾದರಿ ಜೊತೆ. ನಿಮ್ಮ ಮಾವ ಅದನ್ನೇ ಹಿಡ್ಕೊಂಡಿರಬೇಕು. ಆದ್ರೆ ಗುದ್ದಿಸಿಕೊಂಡು ಬಂದ ಗಾಡಿಗೆ ನಾವು ಕೈಗೆ ಸಿಕ್ಕಿದ ಜಾಲರಿ ಹಾಕಿ ಕಳಿಸ್ತಿದ್ವಿ, ಯಾರೂ ಕೇಳ್ತಿರಲಿಲ್ಲ.

ಮೂಲ ಗಾಡಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹಿಂದೂಸ್ತಾನ್ ಮೋಟಾರ್ಸ್‌ನವರು ಅದನ್ನು ಬಂಗಾಳದ ಉತ್ತರಪಾರಾದಲ್ಲಿ 1957–58ರಲ್ಲಿ ಶುರು ಮಾಡಿದ್ರು. ಆಮೇಲೆ 1489 ಸಿಸಿ ಪೆಟ್ರೋಲ್ ಎಂಜಿನ್ ಬಂತು, ಅದೇ ವರ್ಷಗಟ್ಟಲೆ ಓಡಿತು. 1975ರಲ್ಲಿ ಮಾರ್ಕ್ 3, 1979ರಲ್ಲಿ ಮಾರ್ಕ್ 4. ಡೀಸೆಲ್ ಬಂದಿದ್ದು ಮಾರ್ಕ್ 4 ಕಾಲಕ್ಕೆ. ನಿಮ್ಮದು ಕಂಪನಿಯಿಂದಲೇ ಡೀಸೆಲ್ ಆಗಿದ್ರೆ ಅಪ್ಪ ಗೆದ್ದರು. ಕೆಎ ನಂಬರ್ ಬಂದಿದ್ದು 89ರಲ್ಲಿ, ಹಾಗಾಗಿ ಅದಕ್ಕಿಂತ ಹಿಂದಿನದ್ದು ಅನ್ನೋದಂತೂ ಗ್ಯಾರಂಟಿ.

ಘಟ್ಟದಕೆಳಗೆ:
ಡೀಸೆಲ್ ಅಂದ ಮಾತ್ರಕ್ಕೆ ತೀರ್ಮಾನ ಮಾಡಬೇಡಿ ಸ್ಪ್ಯಾನರ್ ಅಣ್ಣ. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ ಗಾಡಿಗಳು ನಮ್ಮ ಕಡೆ ಬೇಕಾದಷ್ಟಿದ್ವು, ನಮ್ಮದೂ ಅದೇ. ಒಂದ್ಸಲ ರೇಡಿಯೇಟರಿಗೆ ನೀರು ನೋಡದೇ ಸೋಮೇಶ್ವರದಿಂದ ಆಗುಂಬೆ ಹತ್ತೋಕೆ ಹೊರಟೆ, ತಪ್ಪು ನನ್ನದೇ. ಮುಂದಿನ ಸೀಟಲ್ಲಿ ನಾವು ನಾಲ್ಕು ಜನ, ಹಿಂದೆ ಐದು, ಡಿಕ್ಕಿಯಲ್ಲಿ ಎರಡು ಹಲಸಿನಹಣ್ಣು. ಏಳನೇ ತಿರುವಲ್ಲಿ ಬಾನೆಟ್ಟಿಂದ ಹೊಗೆ. ಚಕ್ರಕ್ಕೆ ಕಲ್ಲು ಕೊಟ್ಟು, ಬಂಡೆಯಿಂದ ಇಳಿಯೋ ನೀರನ್ನು ಅತ್ತೆಯ ತಿಂಡಿ ಡಬ್ಬಿಯಲ್ಲಿ ಹಿಡಿದು ಸುರಿದ್ವಿ. ಕೋಡುಬಳೆ ಎಲ್ಲ ಅತ್ತೆಯ ಸೆರಗಿಗೆ ಹೋಯ್ತು.

ಸಾಗರದವ:
ಗೇರು ನೆಲದಲ್ಲಿದ್ದು ಐದು ಗೇರಿದ್ರೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನಿನ 1800 ಐಎಸ್‌ಜೆಡ್ ಮಾದರಿ, ತೊಂಬತ್ತರ ದಶಕದ್ದು. ನನ್ನ ಪ್ರಕಾರ ಅಂಬಾಸಿಡರಲ್ಲಿ ನಿಜವಾಗಿ ಓಡಿದ್ದು ಅದೊಂದೇ, ಬೈದರೂ ಪರವಾಗಿಲ್ಲ. ಅಷ್ಟೊತ್ತಿಗೆ ಜನ ಮಾರುತಿ ಕಡೆ ಹೋಗಿಯಾಗಿತ್ತು. 2014ರ ಮೇ ತಿಂಗಳಲ್ಲಿ ಉತ್ತರಪಾರಾದಲ್ಲಿ ಕೆಲಸ ನಿಂತಿತು, 2017ರಲ್ಲಿ ಹೆಸರನ್ನೇ 80 ಕೋಟಿಗೆ ಫ್ರಾನ್ಸಿನ ಕಾರು ಕಂಪನಿ ಪೆಜೋದವರಿಗೆ ಮಾರಿದ್ರು. ತೋಟದಮನೆಯವರೇ, ಬಾನೆಟ್ ಎತ್ತಿ ಚಾಸಿ ನಂಬರಿನ ತಗಡು ಹುಡುಕಿ. ಅದು ಸಿಕ್ಕಿದ್ರೆ ಜಾಲರಿ, ಎಂಜಿನ್ ಯಾವುದೂ ಬೇಡ.

ತೋಟದಮನೆ:
ಎತ್ತಿದೆ. ತಗಡು ಸಿಕ್ತು, ಸೀಮೆಎಣ್ಣೆ ಹಾಕಿ ತೆಂಗಿನ ನಾರಲ್ಲಿ ತಿಕ್ಕಿದ ಮೇಲೆ ಕೊನೆಯ ಎರಡು ಅಂಕಿ ಬಿಟ್ಟು ಉಳಿದದ್ದು ಓದೋಕಾಗ್ತಿದೆ. ಸೋಮವಾರ ಶಿವಮೊಗ್ಗ ಆರ್‌ಟಿಒಗೆ ಹೋಗ್ತೀನಿ. ಮಾವನೂ ಬರ್ತಾರಂತೆ, ಅಪ್ಪನ ಜೊತೆ ನೂರು ರೂಪಾಯಿ ಪಂಥ ಕಟ್ಟಿದ್ದಾರೆ.