ಸ್ಯಾಂಪಲ್ ಸ್ಲ್ಯಾಬ್: ನಂಬರ್ ಸಿಗದಿದ್ದರೆ ನಕಲಿಯೇ?

ಪ್ರಶ್ನೆ: ಸರ್, ನಾಣ್ಯ ಪರೀಕ್ಷಿಸಿ ಗುಣಮಟ್ಟಕ್ಕೆ ಗ್ರೇಡ್ ಕೊಡುವ ಅಮೆರಿಕದ ಕಂಪನಿ ಪಿಸಿಜಿಎಸ್‌ನ ಸ್ಲ್ಯಾಬ್ (ನಾಣ್ಯ ಮುಚ್ಚಿಟ್ಟ ಪ್ಲಾಸ್ಟಿಕ್ ಡಬ್ಬಿ) ಒಂದು ಮಾರಾಟಕ್ಕೆ ಬಂದಿದೆ. ಒಳಗೆ 1964ರ ರೂಸ್‌ವೆಲ್ಟ್ ಡೈಮ್ (ಹತ್ತು ಸೆಂಟ್ ನಾಣ್ಯ). ಲೇಬಲ್ ಮೇಲೆ ಗ್ರೇಡ್ ಇಲ್ಲ, ‘ಸ್ಯಾಂಪಲ್’ ಅಂತಷ್ಟೇ ಇದೆ. ಲೇಬಲ್‌ನ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿದರೆ ದಾಖಲೆ ಇಲ್ಲ ಅನ್ನುತ್ತೆ. ಬೆಲೆ ಮಾತ್ರ ಡೈಮ್‌ನ ಹತ್ತು ಪಟ್ಟು. ನಕಲಿಯೇ?

ಉತ್ತರ: ಸ್ಯಾಂಪಲ್‌ಗೆ ದಾಖಲೆ ಸಿಗದಿರುವುದು ಸಹಜ. ಅದಷ್ಟರಿಂದಲೇ ನಕಲಿ ಅನ್ನಬೇಡಿ. ಪಿಸಿಜಿಎಸ್ 1986ರಲ್ಲಿ, ಅದೇ ಕೆಲಸ ಮಾಡುವ ಇನ್ನೊಂದು ಕಂಪನಿ ಎನ್‌ಜಿಸಿ 1987ರಲ್ಲಿ ಶುರುವಾದವು. ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಕೊಡುವುದು ಆಗ ಹೊಸದು. ಡಬ್ಬಿ ಹೇಗಿರುತ್ತೆ ಅಂತ ಡೀಲರ್‌ಗಳಿಗೆ, ಕಾಯಿನ್ ಶೋಗೆ ಬಂದವರಿಗೆ ತೋರಿಸಲು ಅಗ್ಗದ ಡೈಮ್, ಸೆಂಟ್, ಕ್ವಾರ್ಟರ್ ತುಂಬಿಸಿ ಹಂಚುತ್ತಿದ್ದರು. ಅವು ಗ್ರೇಡಿಂಗ್‌ಗೆ ಹೋದ ನಾಣ್ಯಗಳಲ್ಲ.

ನಿಮ್ಮ ಡೈಮ್‌ನಲ್ಲಿ ಬೆಳ್ಳಿ ಇದೆ: 2.5 ಗ್ರಾಂ ತೂಕದಲ್ಲಿ ಶೇ. 90. 1965ರಿಂದ ಮುಂದಿನ ಸಾಮಾನ್ಯ ಡೈಮ್‌ಗಳಲ್ಲಿ ಅದೂ ಇಲ್ಲ. ಆದರೆ ಇಲ್ಲಿ ಬೆಲೆ ಕಟ್ಟುವುದು ಡಬ್ಬಿಯ ತಲೆಮಾರಿಗೆ (ಯಾವ ಕಾಲದ ವಿನ್ಯಾಸ ಅನ್ನುವುದಕ್ಕೆ) ಮತ್ತು ಲೇಬಲ್‌ಗೆ. ಯಾವುದೋ ಶೋ ಹೆಸರು ಅಚ್ಚಾಗಿರುವ ಲೇಬಲ್ ಇದ್ದರೆ ಅದೇ ಡೈಮ್‌ಗೆ ಬೇರೆ ಬೆಲೆ. ಹತ್ತು ಪಟ್ಟು ಅಂದ ಮಾತ್ರಕ್ಕೆ ಮೋಸವಲ್ಲ. ಇದೇ ಲೇಬಲ್ ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಅಂತ ಹರಾಜಿನ ದಾಖಲೆಯಲ್ಲಿ ನೋಡಿ ತೀರ್ಮಾನಿಸಿ.

ಪ್ರಶ್ನೆ: ಹಾಗಾದರೆ ಅಸಲಿ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಅಂಚು. ಎರಡು ಹೋಳುಗಳನ್ನು ಅಲ್ಟ್ರಾಸೋನಿಕ್ ಕಂಪನದಿಂದ ಕರಗಿಸಿ ಬೆಸೆದಿರುತ್ತಾರೆ, ಅಂಟು ಹಾಕುವುದಿಲ್ಲ. ಬೆಸುಗೆ ಗೆರೆಯಲ್ಲಿ ಅಂಟಿನ ಗುಳ್ಳೆ, ಮೂಲೆಯಲ್ಲಿ ಬಿಳಿ ಬಿರುಕು, ಮೀಟಿದ ಗುರುತು ಕಂಡರೆ ಯಾರೋ ತೆರೆದು ಮತ್ತೆ ಮುಚ್ಚಿದ್ದಾರೆ. ಮಾರುವವರಿಂದ ನಾಲ್ಕೂ ಅಂಚಿನ ಫೋಟೊ ಕೇಳಿ, ಬೆಳಕು ಓರೆಯಾಗಿ ಬೀಳಲಿ.

ಆಮೇಲೆ ಲೇಬಲ್ಲೂ ಡಬ್ಬಿಯೂ ಒಂದೇ ಕಾಲದವೇ ನೋಡಿ. ಅದೇ ತಲೆಮಾರಿನ ಗ್ರೇಡ್ ಆದ ಸ್ಲ್ಯಾಬ್ ಒಂದನ್ನು ಪಕ್ಕಕ್ಕಿಟ್ಟು ಅಕ್ಷರದ ದಪ್ಪ, ಲೋಗೊ, ಹಿಂಬದಿಯ ಹೊಲೊಗ್ರಾಂ ಹೋಲಿಸಿ. ಹಳೇ ಲೇಬಲ್ ಹೊಸ ಡಬ್ಬಿಯಲ್ಲಿದ್ದರೆ ಕೈ ಹಾಕಬೇಡಿ.

ಒಂದು ಗೊಂದಲ ಪದೇ ಪದೇ ಆಗುತ್ತೆ: ಪಿಸಿಜಿಎಸ್‌ನ ‘ಜೆನ್ಯೂಯಿನ್’ ಲೇಬಲ್‌ನಲ್ಲೂ ಅಂಕಿಯ ಗ್ರೇಡ್ ಇರುವುದಿಲ್ಲ. ಅದು ಸ್ಯಾಂಪಲ್ ಅಲ್ಲ. ನಾಣ್ಯ ಅಸಲಿ, ಆದರೆ ಉಜ್ಜಿ ತೊಳೆದಿದ್ದೋ ಹಾನಿಯಾಗಿದ್ದೋ ಅಂತ ಅರ್ಥ.

ಪ್ರಶ್ನೆ: ನನ್ನ ಹತ್ತಿರ ಇರುವ ಒಂದರ ಮೇಲೆ ಬೆಲೆಚೀಟಿಯ ಅಂಟು ಉಳಿದಿದೆ. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಒರೆಸಬಹುದಾ?

ಉತ್ತರ: ಖಂಡಿತ ಬೇಡ! ಅದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತೆ. ಪಾಲಿಸ್ಟೈರೀನ್ ಡಬ್ಬಿ ಅದಕ್ಕೆ ಕರಗಿ ಮಬ್ಬಾದರೆ ಸರಿಮಾಡಲು ಬರುವುದಿಲ್ಲ. ಥಿನ್ನರ್, ಪೆಟ್ರೋಲೂ ಹಾಗೇ. ಉಗುರಿನಿಂದ ಆದಷ್ಟು ಎಬ್ಬಿಸಿ, ಉಳಿದದ್ದನ್ನು ಒಂದು ಹನಿ ಸೋಪುನೀರು ಹಾಕಿ ಹಿಂಡಿದ ಮೈಕ್ರೊಫೈಬರ್ ಬಟ್ಟೆಯಲ್ಲಿ ಒರೆಸಿ. ಬೆಸುಗೆ ಗೆರೆಯ ಹತ್ತಿರ ನೀರು ನಿಲ್ಲಬಾರದು. ಸ್ಲ್ಯಾಬ್ ಗಾಳಿ ಒಳಹೋಗದಷ್ಟು ಬಿಗಿಯಲ್ಲ, ತೇವ ನುಗ್ಗಿದರೆ ನಾಣ್ಯವೇ ಕಲೆಗಟ್ಟುತ್ತೆ.

ಇನ್ನೊಬ್ಬ ಸದಸ್ಯರು: ಅದೇ ಕಾರಣಕ್ಕೆ ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಹುಷಾರು. ತಾಮ್ರದ ಸೆಂಟ್ ಇರುವ ಸ್ಯಾಂಪಲ್‌ಗಳಿಗೇ ಚುಕ್ಕೆ ಬೇಗ ಬರೋದು. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ನಿಲ್ಲಿಸಿಟ್ಟು ಸಿಲಿಕಾ ಜೆಲ್ ಹಾಕಿ, ಮಣಿಯ ಬಣ್ಣ ಬದಲಾದ ಕೂಡಲೇ ಬೇರೆ ಇಡಿ. ರಬ್ಬರ್ ಬ್ಯಾಂಡ್ ಸುತ್ತಲೇಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ.

ಉತ್ತರ: ಸರಿಯಾಗಿ ಹೇಳಿದ್ದೀರಿ. ಪಿಸಿಜಿಎಸ್‌ನ ಮೊದಲ ತಲೆಮಾರಿನ ‘ರ‍್ಯಾಟ್ಲರ್’ ಡಬ್ಬಿ ಸಿಕ್ಕರೆ ಒಂದರ ಮೇಲೊಂದು ಪೇರಿಸಬೇಡಿ. ಅದಕ್ಕೆ ಉಬ್ಬಿದ ಅಂಚಿಲ್ಲ, ಜಾರಿ ಗೀರಾಗುತ್ತೆ. ಒಂದೊಂದನ್ನೂ ಪಿವಿಸಿ ಅಲ್ಲದ ಕವರಿಗೆ ಹಾಕಿಡಿ.