ಬೆಂಕಿ, ತಪಾಸಣೆ, ವಿಮೆ: ನಿವೃತ್ತ ಅಗ್ನಿಶಾಮಕ ಅಧಿಕಾರಿಯೊಂದಿಗೆ ಪ್ರಶ್ನೋತ್ತರ (ದಾವಣಗೆರೆ ವರ್ತಕರ ಗುಂಪು)

ನಿರ್ವಾಹಕರು: ಅಗ್ನಿಶಾಮಕ ಠಾಣೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದ ಹಿರಿಯರು ಇಂದು ಸಂಜೆ ನಮ್ಮೊಂದಿಗಿದ್ದಾರೆ. ಕೇಳುವುದನ್ನು ಕೇಳಿ. ಫಾರ್ವರ್ಡ್ ಸಂದೇಶ ಬೇಡ.

ಮಂಡಿಪೇಟೆ ಬಟ್ಟೆ ಅಂಗಡಿ: ನಮಸ್ಕಾರ ಸರ್. ಚಿಕ್ಕ ಅಂಗಡಿಗೆ ಬೆಂಕಿ ಆರಿಸುವ ಯಾವ ಸಿಲಿಂಡರ್ ಇಡಬೇಕು?

ಅಧಿಕಾರಿ: ನಮಸ್ಕಾರ. ಎಬಿಸಿ ಪುಡಿಯದು, ಅಂದರೆ ಬಟ್ಟೆ-ಕಾಗದ, ಎಣ್ಣೆ, ಗ್ಯಾಸು ಮೂರರ ಬೆಂಕಿಗೂ ಆಗುವಂಥದ್ದು, ಐಎಸ್‌ಐ ಗುರುತು ಇರುವುದು. ಬಾಗಿಲ ಬಳಿ ಕೈಗೆ ಸಿಗುವ ಎತ್ತರದಲ್ಲಿ ತೂಗುಹಾಕಿ, ಸೀರೆ ಗಂಟುಗಳ ಹಿಂದೆ ಅಲ್ಲ. ಮೀಟರಿನ ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಪಿನ್ ಎಳೆಯುವುದನ್ನು ಹುಡುಗರಿಗೆ ಕಲಿಸಿ.

ವಿದ್ಯಾನಗರ ಗೃಹಿಣಿ: ಸರ್, ಎಲೆಕ್ಟ್ರಿಕ್ ಸ್ಕೂಟರನ್ನು ಮೆಟ್ಟಿಲ ಕೆಳಗೆ ಚಾರ್ಜ್ ಮಾಡಬಹುದೇ?

ಮಂಡಕ್ಕಿ ಭಟ್ಟಿ: ಸರ್, ಭಾನುವಾರ ರಾತ್ರಿ ನಮ್ಮ ಭಟ್ಟಿಯ ಪಕ್ಕದ ಭತ್ತದ ಹೊಟ್ಟಿನ ರಾಶಿಗೆ ಬೆಂಕಿ ಬಿತ್ತು. ನಾವೇ ಕೊಡ ಕೊಡ ನೀರು ಹೊಯ್ದು ಆರಿಸಿದೆವು. ಚಾವಣಿಯ ಶೀಟು, ಒಂದಷ್ಟು ಮಂಡಕ್ಕಿ ಚೀಲ ಹೋಯಿತು. 101ಕ್ಕೆ ಫೋನ್ ಮಾಡಲಿಲ್ಲ. ಈಗ ವಿಮೆಯವರು ಅಗ್ನಿಶಾಮಕ ಇಲಾಖೆಯ ವರದಿ ಕೇಳುತ್ತಿದ್ದಾರೆ. ಇಂದು ಬುಧವಾರ, ರಾಶಿಗೆ ತಾಗಿದ ಗೋಡೆ ಬೆಚ್ಚಗಿದೆ. ಒಳಗಿನ ಬಿಸಿ ಆರುತ್ತಿರಬಹುದು ಅಲ್ಲವೇ?

ಅಧಿಕಾರಿ: ಉಳಿದವರು ಸ್ವಲ್ಪ ಕಾಯಿರಿ.

ನಿಮ್ಮ ಬೆಂಕಿ ಆರಿಲ್ಲ. ಹೊಟ್ಟಿನ ರಾಶಿ ಹಂಚಿನ ಮಾಡಿನಂತೆ. ಮೇಲೆ ಹೊಯ್ದ ನೀರು ಒಂದು ಗೇಣು ಇಳಿದು ಬದಿಗೆ ಹರಿದು ಹೋಗುತ್ತದೆ. ಒಳಗಿನ ಕೆಂಡ ಉರಿ ತೋರಿಸದೆ ದಿನಗಟ್ಟಲೆ ತಿನ್ನುತ್ತಾ ಸಾಗುತ್ತದೆ. ಗೋಡೆ ಭಾನುವಾರದ ಬಿಸಿಯನ್ನು ಬುಧವಾರದವರೆಗೆ ಹಿಡಿದಿಟ್ಟುಕೊಳ್ಳುವುದಿಲ್ಲ.

ಉದ್ದನೆಯ ಕಬ್ಬಿಣದ ಕಂಬಿಯನ್ನು ಬದಿಯಿಂದ ರಾಶಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಎಲ್ಲಿ ಮುಟ್ಟಲಾಗುವುದಿಲ್ಲವೋ ಅಲ್ಲಿದೆ ಕೆಂಡ. ಯಾರೂ ರಾಶಿಯ ಮೇಲೆ ಹತ್ತಬಾರದು. ಒಳಗೆ ಸುಟ್ಟು ಪೊಳ್ಳಾಗಿರುತ್ತದೆ, ಕಾಲಿಟ್ಟರೆ ಸೊಂಟದವರೆಗೆ ಇಳಿಯುತ್ತೀರಿ. ಮುಚ್ಚಿದ ಶೆಡ್ಡಿನಲ್ಲಿ ನಿಂತು ಕೆದಕಬೇಡಿ; ಕೆಂಡದಿಂದ ಏಳುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಒಣಹೊಟ್ಟಿನ ಮೇಲೆ ಜೋರಾಗಿ ನೀರು ಚಿಮ್ಮಿಸಬೇಡಿ. ಎದ್ದ ದೂಳಿಗೆ ಕೆಂಡ ತಾಗಿದರೆ ಭಗ್ಗೆಂದು ಹೊತ್ತಿ ಮುಖಕ್ಕೆ ಬರುತ್ತದೆ.

ಕಂಬಿ ಬಿಸಿ ಇದ್ದರೆ ಈಗಲೇ 101 ಅಥವಾ 112. ಮೊದಲು ಜಾಗ ಹೇಳಿ, ಆಮೇಲೆ ಉರಿಯುತ್ತಿರುವುದು ಏನು, ಒಳಗೆ ಯಾರಾದರೂ ಇದ್ದಾರೆಯೇ ಎನ್ನುವುದು. ಓಣಿ ಕಿರಿದಾಗಿದ್ದರೆ ಅದನ್ನೂ ಹೇಳಿ, ಒಬ್ಬರನ್ನು ಮುಖ್ಯರಸ್ತೆಗೆ ಕಳಿಸಿ. ಅವರೇ ಇಡುವವರೆಗೆ ಫೋನ್ ಇಡಬೇಡಿ.

ಒಂದು ಪ್ರಶ್ನೆ: ಭಟ್ಟಿಯ ಬೂದಿಯನ್ನು ಎಲ್ಲಿ ಸುರಿಯುತ್ತೀರಿ?

ಮಂಡಕ್ಕಿ ಭಟ್ಟಿ: ರಾಶಿಯ ಆಚೆ ಬದಿಗೆ. ನಾಲ್ಕೈದು ಅಡಿ ದೂರ.

ಅಧಿಕಾರಿ: ಹಾಗಿದ್ದರೆ ಕಾರಣ ಅಲ್ಲೇ ಇದೆ. ಮೇಲೆ ಬೂದಿ, ಒಳಗೆ ಕೆಂಡ. ಗಾಳಿ ಬೀಸಿದರೆ ನಾಲ್ಕೈದು ಅಡಿ ಒಂದು ದೂರವೇ?

ವಿಮಾ ಪ್ರತಿನಿಧಿ: ಸಾಹೇಬರೇ, ಪೊಲೀಸ್ ದೂರಿನಲ್ಲಿ ಶಾರ್ಟ್ ಸರ್ಕ್ಯೂಟ್ ಎಂದು ಬರೆಸಿ. ಕ್ಲೇಮು ಸಲೀಸಾಗುತ್ತದೆ. ಎಲ್ಲರೂ ಹಾಗೆಯೇ ಮಾಡುವುದು.

ಅಧಿಕಾರಿ: ಎಲ್ಲರೂ ಮಾಡಿಯೇ ಈ ಊರಿನ ಅರ್ಧ ಬೆಂಕಿಗಳಿಗೆ ಕಾರಣ ತಿಳಿಯದೆ ಹೋಗಿದೆ. ಹೊಟ್ಟಿನ ರಾಶಿಗೆ ಯಾವ ವೈರು ಹೋಗಿದೆ? ನಷ್ಟ ಅಳೆಯಲು ಬರುವ ವಿಮೆಯ ಸರ್ವೇಯರ್ ಮೊದಲು ಅದನ್ನೇ ಕೇಳುತ್ತಾನೆ. ಸಾಮಾನ್ಯ ಬೆಂಕಿ ವಿಮೆಯಲ್ಲಿ, ಸರಕು ತಾನಾಗಿಯೇ ಕಾವು ಏರಿ ಹೊತ್ತಿಕೊಂಡರೆ ಆ ಸರಕಿಗೆ ಪರಿಹಾರವಿಲ್ಲ, ಅದಕ್ಕೆ ಪ್ರತ್ಯೇಕ ಕಂತು ಕಟ್ಟಿರಬೇಕು. ಬೂದಿಯ ಕಿಡಿ ಹೊರಗಿನಿಂದ ಬಂದದ್ದು. ಅಂದರೆ ನಿಜವೇ ಇವರ ಪರವಾಗಿದೆ. ಅದನ್ನು ಬಿಟ್ಟು ಸುಳ್ಳು ಬರೆಸಿ ಇದ್ದುದನ್ನೂ ಕಳೆದುಕೊಳ್ಳಬೇಕೇ?

ಭಟ್ಟಿಯವರೇ, ಆರಿದ ಮೇಲೆ ತಿಳಿಸುವ ಬೆಂಕಿಗೂ ಇಲಾಖೆಯಲ್ಲಿ ದಾಖಲೆ ಇದೆ, ತಡವಾದ ಕರೆ ಎಂದು. ಠಾಣೆಗೆ ಲಿಖಿತವಾಗಿ ಕೊಡಿ. ಕಂಡದ್ದನ್ನು ಬರೆಯುತ್ತಾರೆ, ಕಾಣದ್ದನ್ನು ಬರೆಯುವುದಿಲ್ಲ. ಸುಟ್ಟ ಚೀಲಗಳನ್ನು ಎಸೆಯಬೇಡಿ, ಫೋಟೊ ತೆಗೆದಿಡಿ. ವಿಮೆಯವರಿಗೆ ಇಂದೇ ಬರವಣಿಗೆಯಲ್ಲಿ ತಿಳಿಸಿ.

ಮಂಡಕ್ಕಿ ಭಟ್ಟಿ: ಸರಿ ಸರ್. ಕಂಬಿ ತರಲು ಹುಡುಗನನ್ನು ಕಳಿಸಿದ್ದೇನೆ.

ಪಿ.ಬಿ. ರಸ್ತೆ ಹಾರ್ಡ್‌ವೇರ್: ಬಂದ ಸಂದೇಶ: ಗ್ಯಾಸಿಗೆ ಬೆಂಕಿ ಹತ್ತಿದರೆ ಮೈದಾ ಹಿಟ್ಟು ಎರಚಿ. ಸುಟ್ಟ ಗಾಯಕ್ಕೆ ಮೊಟ್ಟೆಯ ಬಿಳಿಭಾಗ ಹಚ್ಚಿ. ಎಲ್ಲರಿಗೂ ಹಂಚಿ.

ಅಧಿಕಾರಿ: ಹಂಚಬೇಡಿ. ಈಗಷ್ಟೇ ಹೊಟ್ಟಿನ ದೂಳಿನ ಬಗ್ಗೆ ಬರೆದೆ, ಮೈದಾ ಅದರ ಅಕ್ಕ. ಉರಿಯ ಮೇಲೆ ಎರಚಿದರೆ ಅಡುಗೆಮನೆಯೇ ಹೊತ್ತಿಕೊಳ್ಳುತ್ತದೆ. ಸಾಧ್ಯವಿದ್ದರೆ ರೆಗ್ಯುಲೇಟರ್ ಮುಚ್ಚಿ, ಇಲ್ಲದಿದ್ದರೆ ಹೊರಗೆ ಬನ್ನಿ. ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಹೋಗಿ. ಮೊಟ್ಟೆಯನ್ನು ಆಮ್ಲೆಟ್ ಮಾಡಿಕೊಳ್ಳಿ.

ಪಿ.ಬಿ. ರಸ್ತೆ ಹಾರ್ಡ್‌ವೇರ್: ಒಳ್ಳೆಯದಕ್ಕೆ ಹಾಕಿದೆ ಸರ್. ಇಷ್ಟು ಸಿಟ್ಟು ಏಕೆ?

ಚಾಮರಾಜಪೇಟೆ ಕಿರಾಣಿ: ಸರ್, ಅಂಗಡಿಗೆ ಯಾವ ಸಿಲಿಂಡರ್ ಒಳ್ಳೆಯದು?

ಅಧಿಕಾರಿ: ಮೇಲೆ ನೋಡಿ.

ಟ್ಯೂಷನ್ ಕೇಂದ್ರ: ಸರ್, ನಮ್ಮದು ಮೂರನೆಯ ಮಹಡಿ, ಎಂಬತ್ತು ಮಕ್ಕಳು. ತಪಾಸಣೆಗೆ ಬರುತ್ತೇವೆ ಎಂದು ನೋಟಿಸ್ ಬಂದಿದೆ. ನಾಲ್ಕು ಸಿಲಿಂಡರ್ ಹೊಸದಾಗಿ ತಂದಿದ್ದೇವೆ. ಸಾಕೇ?

ಅಧಿಕಾರಿ: ಎರಡನೆಯ ಮೆಟ್ಟಿಲು ಇದೆಯೇ?

ಟ್ಯೂಷನ್ ಕೇಂದ್ರ: ಇದೆ. ಹಳೆಯ ಬೆಂಚುಗಳನ್ನು ಇಟ್ಟಿದ್ದೇವೆ. ಕಳ್ಳರ ಭಯಕ್ಕೆ ಕೆಳಗೆ ಬೀಗ.

ಅಧಿಕಾರಿ: 2019ರ ಮೇ 24ರಂದು ಸೂರತ್‌ನ ಕೋಚಿಂಗ್ ಕೇಂದ್ರದಲ್ಲಿ 22 ಜನ ಸತ್ತರು. ಇಳಿಯಲು ದಾರಿಯಿಲ್ಲದೆ ಮಕ್ಕಳು ಮೇಲಿನಿಂದ ಹಾರಿದರು. ನಿಮಗೆ ದಾರಿ ಇದೆ, ನೀವೇ ಮುಚ್ಚಿದ್ದೀರಿ. ಇಂದು ರಾತ್ರಿಯೇ ಬೆಂಚು ತೆಗೆಸಿ. ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಚಿಲಕ ಹಾಕಿಸಿ. ತಪಾಸಣೆಗೆ ಬಂದವರು ಸಿಲಿಂಡರಿನ ಬಣ್ಣ ನೋಡುವುದಿಲ್ಲ.

ಹದಡಿ ರಸ್ತೆ ಲಾಡ್ಜ್: ಏನನ್ನೂ ನೋಡುವುದಿಲ್ಲ ಸರ್. ಕವರು ನೋಡುತ್ತಾರೆ. ಒಬ್ಬ ಏಜೆಂಟ್ ಬಂದು ಎನ್‌ಒಸಿ (ಇಲಾಖೆಯ ನಿರಾಕ್ಷೇಪಣಾ ಪತ್ರ) ತಾನೇ ಮಾಡಿಸಿಕೊಡುವುದಾಗಿ ನನ್ನಿಂದ ಮುಂಗಡ ಒಯ್ದ.

ಮಂಡಿಪೇಟೆ ಬಟ್ಟೆ ಅಂಗಡಿ: ಕೊಟ್ಟವರು ಯಾರು? ನೀವೇ ಅಲ್ಲವೇ?

ಹದಡಿ ರಸ್ತೆ ಲಾಡ್ಜ್: ನಿಮ್ಮ ಅಂಗಡಿಯ ಹಿಂಬಾಗಿಲಿಗೆ ಗೋಡೆ ಕಟ್ಟಿ ಟ್ರಯಲ್ ರೂಮು ಮಾಡಿದ್ದೀರಿ. ಅದನ್ನೂ ಸಾಹೇಬರಿಗೆ ಹೇಳಿ.

ಮಂಡಿಪೇಟೆ ಬಟ್ಟೆ ಅಂಗಡಿ: ನನ್ನ ಜಾಗ, ನನ್ನ ಗೋಡೆ.

ಬೆಣ್ಣೆ ದೋಸೆ ಹೋಟೆಲ್: ಜಗಳ ಬಿಡಿ ಅಣ್ಣಂದಿರೇ. ಸರ್, ಒಲೆಯ ಮೇಲಿನ ಚಿಮಣಿಯಲ್ಲಿ ಜಿಡ್ಡು ಕಟ್ಟಿದೆ. ಅಪಾಯವೇ?

ಅಧಿಕಾರಿ: ಅಪಾಯವೇ. ಬೆಣ್ಣೆಯ ಆವಿ ಮೇಲೇರಿ ಕೊಳವೆಯಲ್ಲಿ ಗಟ್ಟಿಯಾಗುತ್ತದೆ. ಒಲೆಯ ಜ್ವಾಲೆ ಒಮ್ಮೆ ಒಳಗೆ ನುಗ್ಗಿದರೆ ಇಡೀ ಕೊಳವೆ ದೀವಟಿಗೆ. ಜಿಡ್ಡು ಕೆರೆಸಿ. ಹೊತ್ತಿದ ಎಣ್ಣೆಗೆ ನೀರು ಹೊಯ್ಯಬೇಡಿ.

ಲಾಡ್ಜಿನವರೇ, ಅರ್ಜಿ ಇಲಾಖೆಯ ಜಾಲತಾಣದಲ್ಲೇ ಹಾಕಬಹುದು, ಏಜೆಂಟ್ ಬೇಕಿಲ್ಲ. ಹಣ ಕೇಳಿದವರ ಮೇಲೆ ಲೋಕಾಯುಕ್ತಕ್ಕೆ ದೂರು ಕೊಡಿ, ನನಗೆ ಹೇಳಿದರೆ ಏನೂ ಆಗದು. ಬಟ್ಟೆ ಅಂಗಡಿಯವರೇ, ಆ ಗೋಡೆ ಒಡೆಸಿ.

ಮಂಡಿಪೇಟೆ ಬಟ್ಟೆ ಅಂಗಡಿ: ನಾನು ಕೇಳಿದ್ದು ಸಿಲಿಂಡರ್ ಬಗ್ಗೆ. ಗೋಡೆಯ ಬಗ್ಗೆ ಅಲ್ಲ.

ಹರಿಹರ ವರ್ತಕರು: ಅಗ್ನಿಶಾಮಕ ವಾಹನ ಬಂದರೆ ಎಷ್ಟು ದುಡ್ಡು ಕೊಡಬೇಕು ಸರ್?

ಅಧಿಕಾರಿ: ಬೆಂಕಿ ಆರಿಸಲು ದುಡ್ಡಿಲ್ಲ. ನೂರು ಸಲ ಹೇಳಿದ್ದೇನೆ.

ವಿದ್ಯಾನಗರ ಗೃಹಿಣಿ: ಸರ್, ಸ್ಕೂಟರ್?

ಮಂಡಕ್ಕಿ ಭಟ್ಟಿ: ಸರ್, ಕಂಬಿ ಎಳೆದೆವು. ತುದಿ ತಣ್ಣಗಿದೆ, ನಡುವೆ ಒಂದು ಮೊಳ ಹಿಡಿಯಲಾಗುತ್ತಿಲ್ಲ. ನೀರು ಚಿಮುಕಿಸಿದರೆ ಚುರ್ ಎನ್ನುತ್ತದೆ.

ಅಧಿಕಾರಿ: ಇಲ್ಲಿ ಬರೆಯುವುದನ್ನು ನಿಲ್ಲಿಸಿ. 101. ಚೀಲಗಳನ್ನು ಶೆಡ್ಡಿನಿಂದ ಹೊರಗೆ ಹಾಕಿಸಿ.

ಪಿ.ಬಿ. ರಸ್ತೆ ಹಾರ್ಡ್‌ವೇರ್: ಉಪ್ಪು ಸುರಿದರೆ ಕೆಂಡ ಆರುತ್ತದೆ ಎಂದು ಇನ್ನೊಂದು ಸಂದೇಶ ಬಂದಿದೆ.

ನಿರ್ವಾಹಕರು: ಹಾರ್ಡ್‌ವೇರ್‌ನವರೇ, ನಿಮ್ಮನ್ನು ಒಂದು ವಾರ ಗುಂಪಿನಿಂದ ತೆಗೆದಿದ್ದೇನೆ.

ಮಂಡಕ್ಕಿ ಭಟ್ಟಿ: ವಾಹನ ಬಂತು ಸರ್. ಓಣಿಯೊಳಗೆ ಹಿಡಿಸಲಿಲ್ಲ, ಪೈಪು ಎಳೆದಿದ್ದಾರೆ. ಎಳೆದು ಹರಡಿದ ಹೊಟ್ಟು ಒಳಗೆಲ್ಲ ಕೆಂಪಗಿದೆ. ಅದನ್ನು ಎಲ್ಲಿ ಹಾಕಿಸಲಿ?

ಅಧಿಕಾರಿ: ಬಯಲಿನಲ್ಲಿ, ಗೇಣಿಗಿಂತ ದಪ್ಪವಾಗದಂತೆ. ಯಾವ ಗೋಡೆಗೂ ತಾಗಬಾರದು. ಬೆಳಗಿನ ಜಾವ ಇನ್ನೊಮ್ಮೆ ಕಂಬಿ ಚುಚ್ಚಿ ನೋಡಿ.